ಮುದ್ದನಗುಪ್ಪೆಗೆ ಹೋದ ಧೈರ್ಯದ ಕಾಗದ

ಕನ್ನಂಬಾಡಿ ಕಟ್ಟೆ ಕಟ್ಟಿ ಮುಗಿದ ಎರಡು ಮೂರು ವರ್ಷಕ್ಕೆ ನಡೆದ ಮಾತು ಇದು. ಹುಣಸೂರಿನ ಒಂದು ಮಿಶನ್ ಕಾಂಪೌಂಡಿನಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಏಳು ಜನ ಹೆಂಗಸರು ಚಾಪೆ ಹಾಸಿಕೊಂಡು ಕೂತು ಧೈರ್ಯ ಹಂಚುತ್ತಿದ್ದರು. ಆ ಏಳರಲ್ಲಿ ಒಬ್ಬರೂ ಬಾಯಾರಿ ಮಲಗಿದವರಲ್ಲ, ಬೈಸಿಕೊಂಡು ಬೀದಿಗೆ ನಿಂತವರಲ್ಲ. ಹಳ್ಳಿಗಳಲ್ಲಿ ಕ್ರಿಸ್ತನ ಹೆಸರು ಹಿಡಿದದ್ದಕ್ಕೆ ಕಷ್ಟಕ್ಕೆ ಸಿಕ್ಕಿದ ಕುಟುಂಬಗಳಿಗೆ ಅವರು ಕಾಗದ ಬರೆಯುತ್ತಿದ್ದರು. ಧೈರ್ಯದ ಕಾಗದ ಎಂದು ಅದಕ್ಕೆ ಹೆಸರಿಟ್ಟಿದ್ದವಳು ಉಪದೇಶಿಯ ಹೆಂಡತಿ ಎಸ್ತೇರಮ್ಮ. ಬರೆಯುವವಳೂ ಅವಳೇ. ಉಳಿದ ಆರು ಜನ ತಲೆಯಾಡಿಸುವವರು.

ಕಾಗದ ಮುಗಿಯುವ ಹೊತ್ತಿಗೆ ಕಾಫಿ, ಉಪ್ಪಿಟ್ಟು ತರುವವಳು ಕುಳ್ಳಮ್ಮ. ದೀಕ್ಷಾಸ್ನಾನದಲ್ಲಿ ಅವಳಿಗೆ ರೂತಮ್ಮ ಎಂದು ಹೆಸರಾಗಿತ್ತು, ಕಾಂಪೌಂಡೆಲ್ಲ ಹಾಗೇ ಕರೆಯುತ್ತಿತ್ತು. ಆದರೆ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುವಾಗ ಅವಳು ಕುಳ್ಳಮ್ಮನೇ. ಪ್ಲೇಗಿನ ವರ್ಷ ಅಪ್ಪ ಅವ್ವ ಒಂದೇ ವಾರದಲ್ಲಿ ಹೋದಾಗ ಅವಳಿಗೆ ಎಂಟು ವರ್ಷ, ತಮ್ಮ ಕೆಂಪಯ್ಯನಿಗೆ ಮೂರು. ಗಂಡು ಮಗು ಎಂದು ಅವನನ್ನು ಸೋದರಮಾವ ಇಟ್ಟುಕೊಂಡ. ಹೆಣ್ಣು ಮಗುವನ್ನು ಮಿಶನ್ನಿನ ಬಾಗಿಲಲ್ಲಿ ಬಿಟ್ಟು ತಿರುಗಿ ನೋಡದೆ ಹೋದ. ಅವಳು ಅಲ್ಲೇ ಮೂರನೇ ಕ್ಲಾಸಿನವರೆಗೆ ಓದಿದಳು, ಅಲ್ಲೇ ಬೋರ್ಡಿಂಗಿನ ಅಡಿಗೆಗೆ ನಿಂತಳು, ಅಲ್ಲಿನ ಗಾಡಿ ಹೊಡೆಯುವವನನ್ನು ಮದುವೆಯಾಗಿ ಆರು ವರ್ಷಕ್ಕೆ ಅವನನ್ನು ಮಣ್ಣಿಗೆ ಕೊಟ್ಟಳು. ಹತ್ತು ಸೇರು ರಾಗಿ ಹಿಟ್ಟನ್ನು ಒಂದೇ ಸಲಕ್ಕೆ ಮುದ್ದೆ ತಿರುವುವ ತೋಳು ಅವಳದು. ಬಾಯಿಯೂ ಹಾಗೇ.

ತಮ್ಮ ಕೆಂಪಯ್ಯ ಬಿಳಿಕೆರೆಯಿಂದ ಮೂರು ಮೈಲಿ ಒಳಗಿರುವ ಮುದ್ದನಗುಪ್ಪೆಯ ಕೇರಿಯಲ್ಲಿ ಬೆಳೆದ. ಅಕ್ಕನನ್ನು ನೋಡಲು ಬಂದು ಹೋಗಿ ಮಾಡುತ್ತಾ, ನಡುವಯಸ್ಸಿಗೆ ಬಂದ ಮೇಲೆ, ಅವನೂ ಅವನ ಹೆಂಡತಿ ಪುಟ್ಟಲಕ್ಷ್ಮಿಯೂ ದೀಕ್ಷಾಸ್ನಾನ ತೆಗೆದುಕೊಂಡರು. ಅವನಿಗೆ ದೇವಸಹಾಯ ಎಂದು ಹೆಸರಾಯಿತು. ಊರು ಅದಕ್ಕೇನೂ ಅನ್ನಲಿಲ್ಲ. ಕೇರಿಯವನು ಯಾವ ದೇವರಿಗೆ ಕೈ ಮುಗಿದರೆ ಊರಿಗೇನು. ಆದರೆ ಒಂದು ದಿನ ಪಟೇಲನ ಎತ್ತು ಸತ್ತಿತು, ಅದನ್ನು ಎಳೆದು ಹಾಕಲು ಹೇಳಿಕಳಿಸಿದರೆ ಕೆಂಪಯ್ಯ, 'ಇನ್ಮ್ಯಾಕೆ ಆ ಕೆಲ್ಸ ನಾನು ಮಾಡಕಿಲ್ಲ ಬುದ್ಧಿ' ಎಂದ. ಆಗ ಊರಿಗೆ ಧರ್ಮ ನೆನಪಾಯಿತು.

ಪಟೇಲ ಶಿವನಂಜಪ್ಪ ಮೈಸೂರಿನಲ್ಲಿ ಲೋಯರ್ ಸೆಕೆಂಡರಿ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಬಿದ್ದು ಊರಿಗೆ ಬಂದು ವಿದ್ವಾಂಸನಾದವನು. ಕೂಗಾಡುವವನಲ್ಲ. ಚಾವಡಿಯಲ್ಲಿ ಕೂತು ಮೆತ್ತಗೆ ಹೇಳಿದ. 'ಆಯ್ತು ಕಣ್ಲಾ. ನಿನ್ನ ಹೊಸ ದೇವರೇ ನಿಂಗೆ ನೀರು ಕೊಡ್ಲಿ.' ಕೇರಿಯ ಬಾವಿಗೆ ಮುಳ್ಳು ಹಾಕಿಸಿದ, ಕೆಂಪಯ್ಯನ ಮನೆಯವರನ್ನು ಬಿಟ್ಟು ಉಳಿದವರು ಬಂದಾಗ ಮಾತ್ರ ಮುಳ್ಳು ಸರಿಸಬೇಕು ಎಂದು ತಳವಾರನನ್ನು ಕಾವಲಿಗೆ ಕೂರಿಸಿದ. ಆಮೇಲೆ ಊರಿಗೆಲ್ಲ ಸಾರಿಸಿದ: ಕೆಂಪಯ್ಯನಿಗೆ ನೀರು ಕೊಟ್ಟವರು, ಬೆಂಕಿ ಕೊಟ್ಟವರು ಯಾರೇ ಆಗಲಿ, ಅವರ ಮನೆ ಬಾಗಿಲಿಗೂ ಇದೇ ಮುಳ್ಳು. ಕನ್ನಂಬಾಡಿಯಲ್ಲಿ ಸಮುದ್ರದ ಹಾಗೆ ನೀರು ನಿಂತಿತ್ತು. ಇಲ್ಲಿ ಪುಟ್ಟಲಕ್ಷ್ಮಿ ಒಂದು ಗಡಿಗೆ ನೀರಿಗೆ ಎರಡು ಮೈಲಿ ನಡೆದು ಕೆರೆಯ ತಳದ ಕೆಸರು ಸೋಸುತ್ತಿದ್ದಳು. ಶಿವರಾತ್ರಿ ಕಳೆಯಿತು, ಕೆಸರೂ ಒಣಗಿತು.

ಆಗ ಅವರನ್ನು ಕಾಪಾಡಿದ್ದು ಹುಣಸೂರಿನ ಕಾಗದಗಳಲ್ಲ. ಶಿವರುದ್ರಮ್ಮ. ಪಟೇಲನ ಹೆತ್ತ ತಾಯಿ.

ಊರ ಹೊರಗೆ ಪಟೇಲನ ತೋಟ, ತೋಟದಲ್ಲಿ ಕಪಿಲೆ ಬಾವಿ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಾ ತೊಗಲಿನ ಚೀಲದಲ್ಲಿ ನೀರೆಳೆದು ಕಾಲುವೆಗೆ ಸುರಿಯುವುದು. ಎಪ್ಪತ್ತರ ಮುದುಕಿ ದಿನಾ ಬೆಳಗಾಗೆದ್ದು ತೋಟಕ್ಕೆ ಹೋಗಿ ನಿಲ್ಲುವರು. ಗಿಡಕ್ಕೆಲ್ಲ ನೀರಾದ ಮೇಲೆ ಕಪಿಲೆ ಹೊಡೆಯುವವನಿಗೆ, 'ಇನ್ನಾಕು ಸಲ ಎಳಿಯಪ್ಪ, ಕೊನೇ ಬಾಳೆ ಗುಂಡಿ ತುಂಬಿಲ್ಲ' ಎನ್ನುವರು. ಕೊನೆಯ ಗುಂಡಿ ಬೇಲಿಯ ಅಂಚಿನಲ್ಲಿತ್ತು, ಅದರಲ್ಲಿ ಬಾಳೆಯೇ ಇರಲಿಲ್ಲ. ಗುಂಡಿ ತುಂಬಿ ಬೇಲಿಯಾಚೆ ತಗ್ಗಿಗೆ ಹರಿಯುತ್ತಿತ್ತು. ಅಲ್ಲಿ ಪುಟ್ಟಲಕ್ಷ್ಮಿ ತೆಂಗಿನ ಚಿಪ್ಪಿನಲ್ಲಿ ಗಡಿಗೆ ತುಂಬಿಕೊಳ್ಳುತ್ತಿದ್ದಳು. ಕೊಟ್ಟೆ ಎಂದು ಅವರು ಅಂದದ್ದಿಲ್ಲ, ತಗೊಂಡೆ ಎಂದು ಇವಳು ಅಂದದ್ದಿಲ್ಲ. ಒಬ್ಬರ ಮುಖ ಒಬ್ಬರು ನೋಡಿದ್ದೂ ಇಲ್ಲ.

ತಿಂಗಳಿಗೊಮ್ಮೆ ಕುಳ್ಳಮ್ಮ ರಾಗಿ ಹಿಟ್ಟು, ಉಪ್ಪು, ಮೆಣಸಿನಕಾಯಿ ಗಂಟು ಕಟ್ಟಿಕೊಂಡು ಮುದ್ದನಗುಪ್ಪೆಗೆ ಹೋಗಿ ಬರುವಳು. ಹಾಗೆ ಹೋದಾಗ ಪುಟ್ಟಲಕ್ಷ್ಮಿ ಈ ನೀರಿನ ಗುಟ್ಟು ಹೇಳಿದಳು. 'ಯಾರ ತಾವೂ ಅನ್ಬ್ಯಾಡ ಕಣಕ್ಕ. ಆವಮ್ಮನ ಎಸ್ರು ಆಚೆಗೆ ಬಂದ್ರೆ ನಮ್ಗೆ ನೀರೂ ಇಲ್ಲ, ಅವ್ರಿಗೆ ಮನೇನೂ ಇಲ್ಲ.'

ಇನ್ನು ಕಾಗದದ ಕಥೆ. ಮುದ್ದನಗುಪ್ಪೆಗೆ ಟಪಾಲು ಬರುತ್ತಿದ್ದದ್ದು ವಾರಕ್ಕೊಂದು ಸಲ, ಗುರುವಾರ. ಟಪಾಲಿನ ಸಣ್ಣಬೀರಯ್ಯ ಕೇರಿಯೊಳಕ್ಕೆ ಕಾಲಿಡುತ್ತಿರಲಿಲ್ಲ. ಯಾರ ಕಾಗದವೇ ಇರಲಿ, ಚಾವಡಿಯಲ್ಲಿ ಪಟೇಲನ ಕೈಗೆ ಕೊಡುವನು. ಓದು ಬಲ್ಲವನು ಅವನೊಬ್ಬನೇ, ಆದ್ದರಿಂದ ಹತ್ತು ಜನರೆದುರು ಅವನೇ ಒಡೆದು ಗಟ್ಟಿಯಾಗಿ ಓದುವನು. ಯಾರ ಮಗಳು ಬಸುರಿ, ಯಾರ ಮಗ ಕೊಡಗಿನ ಕಾಫಿ ತೋಟದಲ್ಲಿ ಚಳಿಜ್ವರ ಹಿಡಿದು ಮಲಗಿದ್ದಾನೆ, ಎಲ್ಲ ಊರಿಗೇ ಗೊತ್ತಾಗುತ್ತಿತ್ತು. ಧೈರ್ಯದ ಕಾಗದಗಳೂ ಹಾಗೇ. ಕೆಂಪಯ್ಯನನ್ನು ಬಿಸಿಲಲ್ಲಿ ನಿಲ್ಲಿಸಿ, ಅವನಿಗೆ ಬಂದ ಧೈರ್ಯವನ್ನು ಅವನ ಬಾವಿಗೆ ಮುಳ್ಳು ಹಾಕಿದವನೇ ರಾಗವಾಗಿ ಓದುತ್ತಿದ್ದ. ಊರಿಗೆ ಅದೊಂದು ಮೋಜು.

ಕುಳ್ಳಮ್ಮ ಇದನ್ನು ಎಸ್ತೇರಮ್ಮನಿಗೆ ಹೇಳದೆ ಇರಲಿಲ್ಲ.

'ಅಮ್ಮೋರೇ, ಕಾಗದ ಹಾಕೋದು ಬಿಡಿ. ಅದನ್ನ ಪಟೇಲ ಓದಿ ನಗಾಡ್ತಾನೆ.'

ಎಸ್ತೇರಮ್ಮನ ಮುಖ ಅರಳಿತು. 'ಅಂದರೆ ಪಟೇಲನ ಕಿವಿಗೂ ವಾಕ್ಯ ಬೀಳುತ್ತಿದೆ ಎಂದಾಯಿತು. ಇದು ದೇವರ ಏರ್ಪಾಡು ರೂತಮ್ಮ. ಇನ್ನು ಮೇಲೆ ಸ್ವಲ್ಪ ದೊಡ್ಡದಾಗಿಯೇ ಬರೆಯೋಣ.'

ದೊಡ್ಡದಾಗಿಯೇ ಬರೆದರು. 'ಪ್ರಿಯ ಸಹೋದರ ದೇವಸಹಾಯನಿಗೆ ಸ್ತೋತ್ರಗಳು. ತಮ್ಮ ಶ್ರಮೆಗಳನ್ನು ಕೇಳಿ ನಮ್ಮ ಹೃದಯಗಳು ಕರಗಿದವು. ಚಿನ್ನವು ಬೆಂಕಿಯಲ್ಲಿ ಬೆಂದಷ್ಟೂ ಹೊಳೆಯುವಂತೆ ತಾವೂ ಹೊಳೆಯುತ್ತೀರಿ. ನಾವೂ ತಮ್ಮೊಂದಿಗೆ ಬಾಧೆಪಡುತ್ತಿದ್ದೇವೆ.' ಇದನ್ನು ಓದಿ ಕೇಳಿಸಿ ಎಸ್ತೇರಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಉಪ್ಪಿಟ್ಟಿಗೆ ನಿಂಬೆಹಣ್ಣು ಕಮ್ಮಿ ಎಂದು ಬಾಧೆಪಟ್ಟಳು.

'ಚಿನ್ನಕ್ಕೆ ಬಾಯಾರಿಕೆ ಆಗಕಿಲ್ಲ ಅಮ್ಮೋರೇ,' ಎಂದಳು ಕುಳ್ಳಮ್ಮ. ಯಾರೂ ಕೇಳಿಸಿಕೊಳ್ಳಲಿಲ್ಲ. ಗಾಡಿ ಕಟ್ಟಿಸಿಕೊಂಡು ಒಂದು ಸಲ ಮುದ್ದನಗುಪ್ಪೆಗೆ ಹೋಗಿ ಬರೋಣ ಎಂದು ಅವಳು ಎರಡು ಸಲ ಕೇಳಿದ್ದಳು. ಒಂದು ಸಲ ಬಿಸಿಲು ಜಾಸ್ತಿ ಎಂದರು. ಇನ್ನೊಂದು ಸಲ, ಅಲ್ಲಿ ಕೂತುಕೊಳ್ಳಲು ಜಾಗ ಹೇಗಿದೆಯೋ ಎಂದರು.

ಇಷ್ಟೆಲ್ಲ ಗೊತ್ತಿದ್ದೂ ಕುಳ್ಳಮ್ಮನೇ ಎಡವಿದಳು. ಕಾಗದ ಬರೆಯುವ ಮುಂಚೆ ಪ್ರಾರ್ಥನೆ ಮಾಡುವುದು ಅಲ್ಲಿನ ವಾಡಿಕೆ. ಯಾರಿಗಾಗಿ ಬೇಡಬೇಕು ಎಂದು ಒಬ್ಬೊಬ್ಬರೂ ಹೆಸರು ಹೇಳಬೇಕು. ಹೆಸರಿಲ್ಲದ ಪ್ರಾರ್ಥನೆ ವಿಳಾಸವಿಲ್ಲದ ಲಕೋಟೆ ಇದ್ದ ಹಾಗೆ ಎಂದು ಎಸ್ತೇರಮ್ಮ ಹೇಳುತ್ತಿದ್ದಳು. ಒಂದು ಬುಧವಾರ ಯಾರಿಗೂ ಹೇಳಲು ಏನೂ ಇಲ್ಲದೆ, ಬಾಗಿಲಲ್ಲಿ ನಿಂತಿದ್ದ ಕುಳ್ಳಮ್ಮನನ್ನು ಕೇಳಿದರು. ಅವಳ ಬಾಯಿಗೆ ಬಂದುಬಿಟ್ಟಿತು.

'ಅಲ್ಲೊಬ್ಬರು ಮುದುಕಮ್ಮ ಅವ್ರೆ. ನಮ್ಮ ತಮ್ಮನ ಮನೇರ್ಗೆ ನೀರು ಬಿಡ್ತವ್ರೆ. ಅವ್ರಿಗಾಗಿ ಬೇಡ್ಕಳಿ.'

'ಹೆಸರು?'

ಏಳು ಜನವೂ ಅವಳ ಕಡೆಗೆ ನೋಡುತ್ತಿದ್ದರು. ಅಷ್ಟು ವರ್ಷದಲ್ಲಿ ಸಕ್ಕರೆ ತಾ, ಲೋಟ ತೊಳಿ ಎನ್ನುವುದು ಬಿಟ್ಟು ಅವರು ಅವಳನ್ನು ಏನನ್ನೂ ಕೇಳಿದವರಲ್ಲ. 'ಶಿವರುದ್ರಮ್ಮ ಅಂತ. ಪಟೇಲನ ತಾಯೀನೇ,' ಎಂದಳು. ಅವರೆಲ್ಲ ಅಬ್ಬ ಎಂದು ಕೆನ್ನೆಗೆ ಕೈ ಇಟ್ಟುಕೊಂಡಾಗ ಅವಳಿಗೆ ಒಂದು ಗಳಿಗೆ ಹಿತವಾಯಿತು. ಪ್ರಾರ್ಥನೆ ಮೇಲಕ್ಕೆ ಹೋಗುತ್ತದೆ, ಕಾಗದ ಬಿಳಿಕೆರೆಗೆ ಹೋಗುತ್ತದೆ, ಎರಡಕ್ಕೂ ದಾರಿ ಬೇರೆ ಎಂದು ಅವಳ ಎಣಿಕೆ.

ಮುಂದಿನ ಬುಧವಾರ ಎಸ್ತೇರಮ್ಮ ಹೋದ ವಾರದ ಕಾಗದದ ನಕಲನ್ನು ಓದಿದಳು. ಮೈಸೂರಿನ ಮಿಶನ್ ದೊರೆಸಾನಿಗೆ ತೋರಿಸಲು ಅವಳು ಎಲ್ಲ ಕಾಗದವನ್ನೂ ಒಂದು ನೋಟುಬುಕ್ಕಿನಲ್ಲಿ ಚೆಂದಾಗಿ ನಕಲು ಮಾಡಿ ಇಡುತ್ತಿದ್ದಳು. 'ಪ್ರತಿದಿನವೂ ತಮಗೆ ನೀರು ಕೊಡುತ್ತಿರುವ ದಯಾವಂತಳಾದ ಶಿವರುದ್ರಮ್ಮನವರನ್ನು ನಮ್ಮ ಪ್ರಾರ್ಥನೆಗಳಲ್ಲಿ ನೆನೆಯುತ್ತಿದ್ದೇವೆ.'

ಕುಳ್ಳಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು. 'ಇದನ್ನ ಹಾಕ್ಬುಟ್ರಾ?'

'ಸೋಮವಾರವೇ ಹಾಕಿಸಿದೆ.'

'ನಾಳೆ ಅದನ್ನ ಚಾವಡೀಲಿ ಓದ್ತಾನೆ. ಆವಮ್ಮನ ಮಗನೇ ಓದ್ತಾನೆ.'

'ಓದಲಿ. ತನ್ನ ತಾಯಿಯ ದಯೆ ಕಂಡು ಅವನ ಕಲ್ಲು ಮನಸ್ಸು ಕರಗಬಹುದಲ್ಲ ರೂತಮ್ಮ.'

'ನಿಮ್ಮ ಮನಸ್ಸು ವಾರವಾರ ಕರಗ್ತದಲ್ಲ ಅಮ್ಮೋರೇ, ಅದ್ರಿಂದ ಯಾರಿಗೆ ಒಂದು ಚೊಂಬು ನೀರು ಸಿಕ್ತು?' ಎಂದು ಹೇಳಿ, ಒಲೆಯ ಮೇಲಿದ್ದ ಕಾಫಿಯನ್ನು ಅಲ್ಲೇ ಬಿಟ್ಟು ಹೊರಟಳು. ಅದು ಉಕ್ಕಿ ಒಲೆ ಆರಿದ್ದನ್ನು ಎಸ್ತೇರಮ್ಮ ಬಹಳ ದಿನ ಹೇಳಿಕೊಂಡು ತಿರುಗಿದಳು.

ಗುರುವಾರ ಮೊದಲ ಮೋಟಾರಿಗೆ ಕುಳ್ಳಮ್ಮ ಬಿಳಿಕೆರೆಗೆ ಬಂದಿಳಿದಳು. ಸಣ್ಣಬೀರಯ್ಯ ಚೀಲ ಹೆಗಲಿಗೇರಿಸಿ ಹೊರಟಿದ್ದ. ಅವಳು ಅವನ ಹಿಂದೆಯೇ ಬಿದ್ದಳು.

'ಬೀರಣ್ಣ, ನಿನ್ನ ಚೀಲದಾಗೆ ನಮ್ಮ ತಮ್ಮನ ಲಕೋಟೆ ಅದೆ. ನಂಗೆ ಕೊಟ್ಬುಡು.'

'ನಿನ್ನ ತಮ್ಮ ಯಾರು?'

'ಕೆಂಪಯ್ಯ.'

'ಇದ್ರ ಮ್ಯಾಲೆ ದೇವಸಹಾಯ ಅಂತ ಬರ್ದದೆ.'

'ಅವನೇ ಇವನು.'

'ಅಂಗಂತ ಪಟೇಲ್ರು ಯೋಳ್ಬೇಕು. ನೀನು ಯೋಳಿದ್ರೆ ಆಯ್ತದಾ?'

'ಇನ್ನೊಬ್ಬರ ಕಾಗದಾನ ಪಟೇಲ ಒಡೆದು ಓದ್ತಾನಲ್ಲ, ಅದ್ಯಾವ ಕಾನೂನು?'

'ಅದು ಊರ ಕಾನೂನು ಕಣವ್ವ. ಸರ್ಕಾರದ ಕಾನೂನು ಬಿಳಿಕೆರೆ ಮೈಲಿಗಲ್ಲಿನ ತಂಕ.'

'ನಿಂಗೆ ಇಷ್ಟು ದಪ್ಪ ಮೀಸೆ ಯಾಕೆ ಬೇಕಿತ್ತೋ ಬೀರಣ್ಣ.'

'ಮೀಸೆ ನಮ್ಮಪ್ಪ ಕೊಟ್ಟಿದ್ದು, ಕೆಲ್ಸ ಸರ್ಕಾರ ಕೊಟ್ಟಿದ್ದು. ಮೀಸೆ ಹೋದ್ರೆ ಮತ್ತೆ ಬೆಳೀತದೆ,' ಎಂದು ಅವನು ಕಾಲು ಬೀಸಿ ನಡೆದ. ಮೂರು ಮೈಲಿಯೂ ಅವಳು ಬೇಡಿದಳು, ಬೈದಳು, ಮತ್ತೆ ಬೇಡಿದಳು. ಅವನು ಚೀಲವನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬದಲಾಯಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ಚಾವಡಿ ತುಂಬಿತ್ತು. ಪಕ್ಕದಲ್ಲೇ ಪಟೇಲನ ಮನೆ. ಬಾಗಿಲ ಹೊರಗಿನ ಜಗಲಿಯ ಮೇಲೆ ಶಿವರುದ್ರಮ್ಮ ಮೊರ ಇಟ್ಟುಕೊಂಡು ಹುರುಳಿ ಕೇರುತ್ತಾ ಕೂತಿದ್ದರು. ಕುಳ್ಳಮ್ಮ ಅವರ ಕಡೆ ನೋಡಲು ಹೆದರಿ, ದೂರದಲ್ಲಿ ತಮ್ಮನ ಪಕ್ಕ ನಿಂತಳು. ಪಟೇಲ ಕನ್ನಡಕ ಏರಿಸಿ ಲಕೋಟೆ ಎತ್ತಿ ಹಿಡಿದ.

'ಯಾರ್ಲಾ ಇವನು ದೇವಸಹಾಯ? ನಮ್ಮೂರಲ್ಲಿ ಅಂಥೋನು ಯಾರೂ ಇಲ್ವಲ್ಲ.'

ಪ್ರತಿ ಸಲವೂ ಅದೇ ಮಾತು. ಪ್ರತಿ ಸಲವೂ ಚಾವಡಿ ನಗುತ್ತಿತ್ತು.

'ನಾನೇ ಬುದ್ಧಿ,' ಎಂದ ಕೆಂಪಯ್ಯ.

ಪಟೇಲ ಓದಿದ. ಕರಗಿದ ಹೃದಯ ಬಂದಾಗ ಕೈಯನ್ನು ಎದೆಯ ಮೇಲಿಟ್ಟುಕೊಂಡ. ಚಿನ್ನ ಬಂದಾಗ, 'ನೋಡ್ರಪ್ಪಾ, ನಮ್ಮ ಕೆಂಪ ಚಿನ್ನವಂತೆ, ಒಡವೆ ಮಾಡಿಸ್ಕಳಿ' ಎಂದ. ಅದೇ ಹುಮ್ಮಸ್ಸಿನಲ್ಲಿ ಮುಂದಿನ ಸಾಲಿಗೆ ಹಾರಿದ. 'ಪ್ರತಿದಿನವೂ ತಮಗೆ ನೀರು ಕೊಡುತ್ತಿರುವ ದಯಾವಂತಳಾದ...'

ಅಲ್ಲಿಗೆ ಓದು ನಿಂತಿತು.

ಬೆಟ್ಟಸ್ವಾಮಿ ಎಂಬುವನು ಕಂಬಕ್ಕೆ ಒರಗಿ ಕೂತಿದ್ದ. ಹೊಲ ಬೀಳು ಬಿಟ್ಟು ಚಾವಡಿಯನ್ನೇ ಉಳುತ್ತಿದ್ದವನು. ಅವನು ನೆಟ್ಟಗಾದ.

'ನೀರು ಕೊಡೋರೂ ಊರಾಗೆ ಅವ್ರಾ ಹಂಗಾರೆ? ಯಾರಂತೆ ಪಟೇಲ್ರೇ? ಎಸ್ರು ಓದಿ. ಅವಳ ಬಾಗ್ಲಿಗೂ ಮುಳ್ಳು ಎಳೆಯಾನ.'

'ಮಸಿ ಅಳಿಸ್ಬುಟ್ಟದೆ ಕಣಯ್ಯ,' ಎಂದ ಪಟೇಲ.

'ಎಲ್ಲಿ, ಕೊಡಿ ಇತ್ತಾಗೆ. ನಮ್ಮ ಅಳಿಯ ಬಂದವ್ನೆ, ನಾಕನೇ ಕ್ಲಾಸು ಓದವ್ನೆ. ಅಳಿಸಿದ್ದೂ ಓದ್ತಾನೆ.'

ಪಟೇಲ ಕಾಗದ ಕೊಡಲಿಲ್ಲ. ಮಡಿಸಲೂ ಇಲ್ಲ. ಊರಿಗೆಲ್ಲ ಕಾನೂನು ಹೇಳಿದ ಬಾಯಿ ಒಣಗಿ ನಾಲಿಗೆ ತುಟಿ ಸವರುತ್ತಿತ್ತು. ಜಗಲಿಯ ಮೇಲೆ ಮೊರದ ಸದ್ದು ನಿಂತಿದ್ದನ್ನು ಕುಳ್ಳಮ್ಮ ಕೇಳಿದಳು. ತಿರುಗಿ ನೋಡಿದಳು. ಮುದುಕಿ ಅವಳನ್ನೇ ನೋಡುತ್ತಿದ್ದರು, ಹೆದರಿದವರ ಹಾಗಲ್ಲ, ಇವಳು ಏನು ಮಾಡುತ್ತಾಳೋ ನೋಡೋಣ ಎನ್ನುವವರ ಹಾಗೆ.

'ಬುದ್ಧಿ,' ಎಂದಳು ಕುಳ್ಳಮ್ಮ. 'ಆ ಕಾಗದ ಬರ್ದ ಮನೇಲೇ ನಾನಿರೋದು. ಅದ್ರಾಗೆ ಇರೋ ಎಸ್ರು ನಂಗೊತ್ತು.'

ಚಾವಡಿ ಪೂರಾ ಅವಳ ಕಡೆ ತಿರುಗಿತು. ಪಟೇಲನ ಕನ್ನಡಕ ಮೂಗಿನ ತುದಿಗೆ ಜಾರಿತು, ಅವನು ಅದನ್ನು ಮೇಲಕ್ಕೆ ಸರಿಸಲಿಲ್ಲ.

'ಆದ್ರೆ ಅಳಿಸಿದ್ದು ಅಳಿಸಿದಂಗೇ ಇರ್ಲಿ ಬುದ್ಧಿ. ಕೇರಿ ಬಾವೀಲಿ ನೀರು ಸೇದಕ್ಕೆ ಬುಟ್ರೆ, ಯಾರು ಕೊಟ್ರು ಯಾರು ಬುಟ್ರು ಅಂತ ಎಸ್ರು ತಗೊಂಡು ಯಾರಿಗಾಗ್ಬೇಕು. ಇಲ್ಲಾಂದ್ರೆ ಓದ್ಲೇಬೇಕು ಅಂತ ಈ ಅಣ್ಣ ಅಂತವ್ನೆ. ನೀವು ಯೋಳ್ದಂಗೆ.'

ಪಟೇಲ ಒಮ್ಮೆ ಅವಳ ಕಡೆ, ಒಮ್ಮೆ ಜಗಲಿಯ ಕಡೆ ನೋಡಿದ. ಆಮೇಲೆ ಕಾಗದವನ್ನು ನಾಲ್ಕು ಚೂರು ಮಾಡಿದ, ನಾಲ್ಕನ್ನು ಹದಿನಾರು ಮಾಡಿ ಜೇಬಿಗೆ ಹಾಕಿಕೊಂಡ.

'ತಳವಾರ ಎಲ್ಲಿ? ಆ ಬಾವಿ ಮುಳ್ಳು ತೆಗೆಸ್ರಿ. ಈ ಹೆಂಗಸ್ರು ಇವತ್ತು ಇವನಿಗೆ ಬರೀತಾವೆ, ನಾಳೆ ಅಮಲ್ದಾರ್ರಿಗೆ ಬರೀತಾವೆ. ಯಾರಿಗೆ ಬೇಕು ಈ ಪೀಡೆ.'

'ಅಂಗಾದ್ರೆ ಎಸ್ರು?' ಎಂದ ಬೆಟ್ಟಸ್ವಾಮಿ.

'ನಿನ್ನ ಎಸ್ರೇ ಇತ್ತು. ಸಾಕಾ?' ಎಂದು ಪಟೇಲ ಎದ್ದು ಒಳಗೆ ಹೋದ. ಚಾವಡಿ ನಕ್ಕಿತು. ಅದಕ್ಕೆ ಯಾರ ಮೇಲೆ ನಕ್ಕರೂ ಒಂದೇ.

ಪಟೇಲ ತಾಯಿಗೆ ಹೆದರಿದ್ದಲ್ಲ, ಅದು ತಾಯಿಯ ಮೇಲಿನ ಮರುಕವೂ ಅಲ್ಲ. ತನ್ನ ಬಾಗಿಲಿಗೆ ತಾನೇ ಮುಳ್ಳು ಎಳೆಯಬೇಕಾಗುತ್ತದಲ್ಲ ಎಂಬ ನಾಚಿಕೆ. ಅಂಥವರಿಗೆ ಅದೊಂದೇ ದೇವರು. ಮೂರನೆಯ ದಿನ ಅವನು ಗಾಡಿ ಕಟ್ಟಿಸಿ, ತಾಯಿಯನ್ನು ಪಿರಿಯಾಪಟ್ಟಣದ ಮಗಳ ಮನೆಗೆ ಕಳಿಸಿದ. ವಯಸ್ಸಾಯಿತು, ತೋಟದ ತಂಪು ಗಾಳಿ ಅವರ ಮೈಗೆ ಆಗುವುದಿಲ್ಲ ಎಂದು ಊರಿಗೆ ಹೇಳಿದ. ಬೇಲಿಯಂಚಿನ ಗುಂಡಿಯನ್ನು ಮುಚ್ಚಿಸಿದ.

ಹುಣಸೂರಿನಲ್ಲಿ ಹಬ್ಬವೇ ಆಯಿತು. ಬಾವಿ ತೆರೆದ ಸುದ್ದಿ ಮುಟ್ಟಿದ್ದೇ ಎಸ್ತೇರಮ್ಮ ನೋಟುಬುಕ್ಕನ್ನು ಮೈಸೂರಿಗೆ ಕಳಿಸಿದಳು. ಅಲ್ಲಿಂದ ಮೆಚ್ಚಿಕೆಯ ಕಾಗದವೂ ಒಂದು ರೀಮು ಹೊಸ ಹಾಳೆಯೂ ಬಂದವು.

'ಕಾಗದದ ಬಲ ನೋಡಿದೆಯಾ ರೂತಮ್ಮ?'

'ನೋಡ್ದೆ ಅಮ್ಮೋರೇ. ಅಲ್ಲೇ ನಿಂತಿದ್ದೆ.'

'ಆ ಶಿವರುದ್ರಮ್ಮನವರಿಗೂ ಒಂದು ಬರೆಯೋಣವೇ? ವಿಳಾಸ ಗೊತ್ತೇ?'

'ಇಲ್ಲ,' ಎಂದಳು ಕುಳ್ಳಮ್ಮ. ವಿಳಾಸ ಅವಳ ಸೆರಗಿನ ಗಂಟಿನಲ್ಲಿತ್ತು.

ಮುಂಗಾರು ಬಿದ್ದ ಮೇಲೆ ಅವಳು ಪಿರಿಯಾಪಟ್ಟಣಕ್ಕೆ ಹೋದಳು. ಮಗಳ ಮನೆಯ ಹಿತ್ತಲಲ್ಲಿ ಮುದುಕಿ ಒಬ್ಬರೇ ಕಲ್ಲಿನ ಮೇಲೆ ಕೂತಿದ್ದರು.

'ಎಸ್ರು ಯೋಳಿದ್ದು ನಾನು ಅವ್ವಾರೇ,' ಎಂದಳು ನಿಂತಲ್ಲಿಂದಲೇ.

'ಗೊತ್ತು ಬುಡು. ನೀರು ಮಾತಾಡ್ತದಾ, ನಾವೇ ಅಲ್ವಾ ಮಾತಾಡೋದು.' ಆಮೇಲೆ, 'ಬಾವಿ ತೆಗ್ದೇ ಇಟ್ಟವ್ರಾ?' ಎಂದು ಕೇಳಿದರು.

'ಇಟ್ಟವ್ರೆ.'

'ಅಂಗಾದ್ರೆ ಸರಿ. ಇಲ್ಲಿ ನಂಗೊಂದು ಕೆಲ್ಸ ಇಲ್ಲ. ಹೇಳಿದ್ರೆ ಕೇಳೋಕೆ ಒಂದೆತ್ತೂ ಇಲ್ಲ.'

'ನಿಮ್ಗೆ ಕಾಗದ ಬರೀಲಾ ಅವ್ವಾರೇ? ನಂಗೆ ಬತ್ತದೆ.'

'ಬ್ಯಾಡ ಕಣವ್ವ. ಅಳಿಯ ಓದ್ತಾನೆ. ನೋಡ್ಬೇಕು ಅನ್ಸಿದ್ರೆ ಬಾ. ನಡೆಯಾಕೆ ಕಾಲು ಅವೆಯಲ್ಲ ನಿಂಗೆ.'

ಕುಳ್ಳಮ್ಮ ಹೋದಳು. ಮುದುಕಿ ಇನ್ನೂ ಐದು ವರ್ಷ ಬದುಕಿದ್ದರು, ಆ ಐದು ವರ್ಷವೂ ವರ್ಷಕ್ಕೆ ಮೂರು ಸಲ ಹೋದಳು. ಸೊಪ್ಪು, ಹಪ್ಪಳ, ಒಂದು ಸಲ ಬೇಲಿಯಂಚಿನ ಆ ತಗ್ಗಿನಲ್ಲಿ ತೋಟದ ಕಡೆಯಿಂದ ಬೇರು ಹರಿದು ಎದ್ದ ಬಾಳೆಯ ಕಂದು. ಹಿತ್ತಲಲ್ಲಿ ಅದನ್ನು ಇಬ್ಬರೂ ಸೇರಿ ನೆಟ್ಟರು.

ಅಡಿಗೆ ಕೆಲಸದಲ್ಲಿ ಅವಳು ಕೈ ನಡುಗುವವರೆಗೂ ಇದ್ದಳು. ಧೈರ್ಯದ ಕಾಗದಗಳು ಬುಧವಾರ ಬುಧವಾರ ಹೋಗುತ್ತಲೇ ಇದ್ದವು. ಒಂದೊಂದು ಸಲ ಯಾರಿಗೂ ನೆನಪಿಗೆ ಹೆಸರು ಬರದೆ ಹೋದಾಗ ಎಸ್ತೇರಮ್ಮ ಬಾಗಿಲ ಕಡೆ ತಿರುಗುವಳು.

'ನೀನು ಯಾರಿಗಾಗಿ ಬೇಡಬೇಕು ಅನ್ನುತ್ತೀ ರೂತಮ್ಮ?'

'ಒಬ್ಬರಿದ್ದಾರೆ ಅಮ್ಮೋರೇ.'

'ಹೆಸರು?'

'ಮೇಲಿರೋನಿಗೆ ಗೊತ್ತು. ನಿಮಗ್ಯಾಕೆ,' ಎಂದು ಕುಳ್ಳಮ್ಮ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಅಡಿಗೆ ಮನೆಗೆ ಹೋಗುವಳು.